ಮಡ್ಡಿಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ?

(ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಭೂಗೋಳ ಓದುವ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನ ಝರಣಿ ನರಸಿಂಹನ ಗುಹೆಯೊಳಗೆ ಹೋಗಿ ಬಂದಿದ್ದೀರಿ? ಬಹಳಷ್ಟು ಕೈ ಮೇಲೆ ಬಂದವು. ಹಾಗಾದರೆ ನನ್ನ ಕೆಲಸ ಸುಲಭವಾಯಿತು.

ಸೊಂಟದಿಂದ ಎದೆಮಟ್ಟಕ್ಕೆ ಏರುವ ನೀರು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾರೆ. ತಲೆ ಮೇಲೆ ಬಾವಲಿಗಳು ಜೋತು ಬಿದ್ದಿರುತ್ತವೆ. ಸುಮಾರು 300 ಮೀಟರ್ ಹಾಗೇ ನಡೆದರೆ ದೇವರ ದರ್ಶನ. ಹೊರಗೆ ಏಪ್ರಿಲ್ ಬಿಸಿಲು, ಕಾಲಿಟ್ಟರೆ ಸುಡುವ ಕಲ್ಲು. ಒಳಗೆ ತಣ್ಣನೆಯ ನೀರು. ಮಳೆ ನಿಂತು ಆರು ತಿಂಗಳಾಗಿದೆ. ಸುತ್ತಲಿನ ಹಳ್ಳಗಳು ಒಣಗಿವೆ. ಹಾಗಾದರೆ ಈ ನೀರು ಎಲ್ಲಿಂದ ಬಂತು?

ಇವತ್ತು ನನಗೆ ಕೊಟ್ಟ ವಿಷಯ ದೊಡ್ಡದು: ಉದ್ಯಾನ, ವಿಹಾರ ಮತ್ತು ಪ್ರಕೃತಿ ಸಂರಕ್ಷಣೆಗೆ ನೆಲವನ್ನು ಹೇಗೆ ಬಳಸಬೇಕು ಎಂಬುದು. ನಾನು ಅದನ್ನು ಈ ಒಂದು ಪ್ರಶ್ನೆಯಿಂದಲೇ ಹಿಡಿಯುತ್ತೇನೆ. ಒಂದು ಜಾಗವನ್ನು ಪಾರ್ಕ್ ಮಾಡೋಣ, ಗಿಡ ಹಚ್ಚೋಣ, ಪ್ರವಾಸಿ ತಾಣ ಮಾಡೋಣ ಅಂತ ಹೊರಡುವ ಮೊದಲು ಆ ಜಾಗ ಈಗ ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಇದನ್ನು ನೋಡದೆ ನಾನೇ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಲ್ಲಿನ ಮಾತು.

ಬೀದರ್ ಊರು ನಿಂತಿರುವುದು ಕೆಂಪು ಕಲ್ಲಿನ ದಿಬ್ಬದ ಮೇಲೆ. ಪುಸ್ತಕದಲ್ಲಿ ಇದನ್ನು ಜಂಬಿಟ್ಟಿಗೆ, ಲ್ಯಾಟರೈಟ್ ಎನ್ನುತ್ತಾರೆ. ಕೋಟೆಯ ಗೋಡೆ ಹತ್ತಿರ ನಿಂತು ಕಲ್ಲನ್ನು ಒಮ್ಮೆ ಮುಟ್ಟಿ ನೋಡಿ. ಮೈ ತುಂಬ ತೂತು. ಜೇನುಗೂಡಿನ ಹಾಗೆ ಕಾಣುತ್ತದೆ. ಮಳೆ ಬಿದ್ದರೆ ನೀರು ಅದರೊಳಗೆ ಇಳಿದು ಹೋಗುತ್ತದೆ. ಈ ಕೆಂಪು ಕಲ್ಲಿನ ಕೆಳಗೆ ಕರಿ ಕಲ್ಲು ಇದೆ. ದಖ್ಖನ್ ಪ್ರಸ್ಥಭೂಮಿಯನ್ನೆಲ್ಲ ಹಾಸಿಕೊಂಡಿರುವ ಬಸಾಲ್ಟ್ ಅದು. ಗಟ್ಟಿ ಕಲ್ಲು, ನೀರನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿಂದ ಇಳಿದ ನೀರು ಕೆಂಪು ಕಲ್ಲು ಮುಗಿದು ಕರಿ ಕಲ್ಲು ಶುರುವಾಗುವ ಗೆರೆಯಲ್ಲಿ ತಡೆದು ನಿಲ್ಲುತ್ತದೆ. ಅಲ್ಲಿಂದ ಮೆಲ್ಲಗೆ ಅಡ್ಡಕ್ಕೆ ಸರಿಯುತ್ತದೆ. ದಿಬ್ಬದ ಅಂಚು ಎಲ್ಲಿ ಕಡಿದಿದೆಯೋ ಅಲ್ಲಿ ಹೊರಗೆ ಬರುತ್ತದೆ. ಅದೇ ಝರಣಿ. ಅದೇ ನಾನಕ್ ಝೀರಾ. ಪಾಪನಾಶದ ನೀರೂ ಅದೇ.

ಒಂದು ಗುಡಿ, ಒಂದು ಗುರುದ್ವಾರ, ಇನ್ನೊಂದು ಗುಡಿ. ಈ ಮೂರನ್ನೂ ನಕ್ಷೆ ಮೇಲೆ ಗುರುತು ಮಾಡಿ. ಮೂರೂ ದಿಬ್ಬದ ಅಂಚಿನಲ್ಲೇ ಸಿಗುತ್ತವೆ. ನೀರು ಎಲ್ಲಿ ಹೊರಬಂತೋ ಅಲ್ಲಿ ನಮ್ಮ ಹಿರಿಯರು ಕೈ ಮುಗಿದರು. ಅಲ್ಲಿ ಜನ ಸೇರಿದರು, ಊಟ ಮಾಡಿದರು, ಮಕ್ಕಳನ್ನು ಆಡಿಸಿದರು. ನಮ್ಮ ಊರಿನ ಮೊದಲ ಪಾರ್ಕುಗಳು ಇವೇ ಅಂತ ನನ್ನ ಅನಿಸಿಕೆ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಅವರಿಗೂ ಪರ್ಷಿಯಾಕ್ಕೂ ಓಡಾಟ ಜಾಸ್ತಿ ಇತ್ತು. ಅಲ್ಲಿಂದ ಬಂದವರು ಈ ಕೆಂಪು ಕಲ್ಲಿನ ಗುಣ ಅರಿತರು. ನೆಲದೊಳಗೆ ಸಣ್ಣ ಇಳಿಜಾರಿನ ಸುರಂಗ ಕೊರೆದು, ಪಂಪು, ರಾಟೆ ಯಾವುದೂ ಇಲ್ಲದೆ ನೀರನ್ನು ಹರಿಸಿದರು. ಪರ್ಷಿಯನ್ ಭಾಷೆಯಲ್ಲಿ ಅದು ಕಾರೇಜ್. ನಮ್ಮ ಜನರ ಬಾಯಲ್ಲಿ ಸುರಂಗ ಬಾವಿ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯ ಹಾಗೆ ನೇರವಾಗಿ ಕೊರೆದ ಕಂಡಿಗಳಿವೆ. ಸುರಂಗ ತೋಡುವಾಗ ಮಣ್ಣು ಮೇಲೆತ್ತಿದ್ದು ಅವುಗಳಿಂದಲೇ. ಗಾಳಿ ಒಳಗೆ ಹೋಗುವುದೂ ಅವುಗಳಿಂದಲೇ. ಮುಂದೆ ಹೂಳು ತೆಗೆಯಲು ಇಳಿಯುವುದೂ ಅಲ್ಲಿಂದಲೇ. ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಅಂತ ಮೂರು ಸುರಂಗ ವ್ಯವಸ್ಥೆಗಳು ಬೀದರಿನಲ್ಲಿವೆ. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇವುಗಳ ಜಾಡು ಹಿಡಿದು ನಕ್ಷೆ ಮಾಡಿದರು. ಭೂಗೋಳ ಓದಿ ಏನು ಮಾಡೋದು ಅಂತ ನಿಮ್ಮನ್ನು ಯಾರಾದರೂ ಕೇಳಿದರೆ ಇದನ್ನು ಹೇಳಿ. ಹಳೆಯ ಸ್ಮಾರಕಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ, ಗಮನ ಕೊಡಬೇಕಾದ ತಾಣಗಳ ತನ್ನ 2014ರ ಪಟ್ಟಿಯಲ್ಲಿ ಬೀದರ್ ಐತಿಹಾಸಿಕ ನಗರವನ್ನು ಸೇರಿಸಿತು. ಆಮೇಲೆ ನೌಬಾದಿನ ಸುರಂಗದ ಹೂಳು ತೆಗೆಯುವ ಕೆಲಸವೂ ನಡೆಯಿತು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಸುರಂಗ ಸ್ವಚ್ಛ ಮಾಡಿದರೆ ಸುರಂಗ ಉಳಿಯುತ್ತದೆ. ನೀರು ಉಳಿಯಬೇಕಾದರೆ ಸುರಂಗದ ಮೇಲಿನ ನೆಲ ಉಳಿಯಬೇಕು. ದಿಬ್ಬದ ಮೇಲೆ ನಾವು ಏನು ಮಾಡುತ್ತಿದ್ದೇವೆ? ಪ್ಲಾಟು ಹಾಕುತ್ತೇವೆ. ರಸ್ತೆಗೆ ಸಿಮೆಂಟು, ಅಂಗಳಕ್ಕೆ ಟೈಲ್ಸು. ಬಿದ್ದ ಮಳೆಯೆಲ್ಲ ಗಟಾರದಲ್ಲಿ ಹರಿದು ಒಂದು ಗಂಟೆಯಲ್ಲಿ ದಿಬ್ಬ ಇಳಿದು ಹೋಗುತ್ತದೆ. ಅದೇ ದಿಬ್ಬದಲ್ಲಿ ಬೋರ್‌ವೆಲ್ ಕೊರೆದು, ಕೆಂಪು ಕಲ್ಲು ಹಿಡಿದಿಟ್ಟುಕೊಂಡ ನೀರನ್ನು ಕರಿ ಕಲ್ಲಿನ ಬಿರುಕಿಗೆ ಇಳಿಸಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾನು ಹುಡುಗರನ್ನು ಕರೆದುಕೊಂಡು ಒಂದು ಸುರಂಗದ ಜಾಡಿನಲ್ಲಿ ನಡೆದೆ. ಒಂದು ಕಂಡಿಯ ತುಂಬ ಕಸ. ಮದುವೆ ಊಟದ ತಟ್ಟೆಗಳು, ಗಾದಿಯ ಹತ್ತಿ, ಒಡೆದ ಬಾಟಲಿ. ಕಸ ಹಾಕಿದವರು ಕೆಟ್ಟವರಲ್ಲ. ಅದು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಕಣ್ಣಿಗೆ ಅದು ಒಂದು ಹಾಳು ಬಾವಿ, ಅಷ್ಟೇ.

ಹೀಗಿರುವಾಗ ದಿಬ್ಬದ ಮೇಲೆ ಒಂದು ಪಾರ್ಕ್ ಮಾಡುವುದಾದರೆ ಅದು ಹೇಗಿರಬೇಕು? ಲೇಔಟ್ ಮಾಡುವಾಗ ಒಂದು ಪಾಲು ಜಾಗವನ್ನು ಪಾರ್ಕಿಗೆ ಬಿಡಲೇಬೇಕು ಅಂತ ಕಾನೂನು ಇದೆ. ಹಾಗೆ ಬಿಟ್ಟದ್ದನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯಲು 1985ರಲ್ಲೇ ರಾಜ್ಯದಲ್ಲಿ ಒಂದು ಕಾಯ್ದೆ ಬಂದಿದೆ. ಆದರೆ ಸಾಮಾನ್ಯವಾಗಿ ಪ್ಲಾಟು ಹಾಕಿ ಉಳಿದ ಮೂಲೆಯನ್ನು, ಯಾರೂ ಕೊಳ್ಳದ ಕಂಟಿ ಜಾಗವನ್ನು ಪಾರ್ಕಿಗೆ ಬಿಡುತ್ತಾರೆ. ಬೀದರಿನಲ್ಲಿ ಅದನ್ನು ತಿರುಗಿಸಿ ಯೋಚಿಸಬೇಕು. ನೀರು ಇಂಗುವ ಜಾಗ ಯಾವುದು, ಸುರಂಗದ ಕಂಡಿ ಎಲ್ಲಿದೆ ಎಂದು ಮೊದಲು ನೋಡಿ, ಅದನ್ನು ಪಾರ್ಕಿಗೆ ಬಿಟ್ಟು, ಮನೆಗಳನ್ನು ಆಮೇಲೆ ಹಾಕಬೇಕು. ಅಂಥ ಪಾರ್ಕಿನಲ್ಲಿ ನಡೆಯುವ ದಾರಿ ಮಣ್ಣಿನದೇ ಇರಲಿ. ಮಳೆಗಾಲದಲ್ಲಿ ಎರಡು ದಿನ ನೀರು ನಿಲ್ಲುವ ತಗ್ಗು ಇರಲಿ. ಕೆಸರಾಗುತ್ತೆ ಅಂತ ಜನ ಬೇಜಾರು ಮಾಡಿಕೊಳ್ಳುತ್ತಾರೆ, ನನಗೆ ಗೊತ್ತು. ಆ ತಗ್ಗಿನ ಪಕ್ಕದಲ್ಲಿ ಒಂದು ಬೋರ್ಡು ಹಾಕಿ: 'ಈ ನೀರು ಝರಣಿಗೆ ಹೋಗುವ ನೀರು.' ಆಗ ನಮ್ಮ ಜನ ಅದಕ್ಕೆ ಕಸ ಹಾಕುವುದಿಲ್ಲ. ಚಪ್ಪಲಿ ಬಿಟ್ಟು ನಡೆದರೂ ಆಶ್ಚರ್ಯವಿಲ್ಲ.

ಇನ್ನು ನನ್ನ ತಪ್ಪಿನ ಕತೆ.

ನಾನು ಕೆಲಸ ಮಾಡಿದ ಊರಿನ ಹೊರಗೆ ಒಂದು ಮಡ್ಡಿ ಇತ್ತು. ಮಡ್ಡಿ ಎಂದರೆ ನಿಮಗೆ ಗೊತ್ತೇ ಇದೆ. ಮಣ್ಣು ತೆಳು, ಕಲ್ಲು ಜಾಸ್ತಿ, ಜೋಳ ತೊಗರಿ ಬೆಳೆಯುವ ನೆಲ ಅಲ್ಲ. ಬೇಸಿಗೆಯಲ್ಲಿ ನೋಡಿದರೆ ಬಿಳಿಚಿಕೊಂಡ ಒಣ ಹುಲ್ಲು, ನಡುವೆ ಒಂದೆರಡು ಜಾಲಿ. ಒಂದು ವರ್ಷ ಪರಿಸರ ದಿನಕ್ಕೆ ನಾನೂ ನನ್ನ ಮಕ್ಕಳೂ ಸೇರಿ ಆ ಮಡ್ಡಿಯಲ್ಲಿ ಇನ್ನೂರು ಸಸಿ ನೆಟ್ಟೆವು. ಬೇಗ ಬೆಳೆಯುವ ಗಿಡಗಳು ಸಿಕ್ಕಿದ್ದವು, ಅವನ್ನೇ ನೆಟ್ಟೆವು. ಸುತ್ತ ಕಂದಕ ತೋಡಿ ದನ ಕುರಿ ಬರದ ಹಾಗೆ ಮಾಡಿದೆವು. ಹುಡುಗರು ಬಿಂದಿಗೆಯಲ್ಲಿ ನೀರು ಹೊತ್ತರು. ಬಹಳ ಖುಷಿಪಟ್ಟಿದ್ದೆವು.

ಮರುವರ್ಷ ಒಬ್ಬ ಹಿರಿಯ ಕುರಿಗಾರ ದಾರಿಯಲ್ಲಿ ಸಿಕ್ಕ. ಕಾಕಾ, ಈ ಕಡೆ ಬರೋದೇ ಬಿಟ್ಟಿರಲ್ಲ ಎಂದೆ. ಆತ ಸಿಟ್ಟು ಮಾಡಿಕೊಳ್ಳಲಿಲ್ಲ. 'ಗಿಡ ಹಚ್ಚೀರಲ್ರೀ ಮಾಸ್ತರ್ರೇ, ಇನ್ನ ನಾವು ಎಲ್ಲಿ ಬರೋದು? ನಮ್ಮ ಕುರಿನೂ ಇಲ್ಲ, ಚಿಗರಿನೂ ಇಲ್ಲ' ಅಂದ. ಚಿಗರಿ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಆ ಮಡ್ಡಿಯಲ್ಲಿ ಚಿಗರಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಬೆಳಗ್ಗೆ ಆರು ಗಂಟೆಗೆ ನಾನು ಅಲ್ಲಿಗೆ ಯಾವತ್ತೂ ಹೋಗಿರಲೇ ಇಲ್ಲ.

ಅಂದಿನಿಂದ ನಾನು ಹುಲ್ಲಿನ ಬಗ್ಗೆ ಓದತೊಡಗಿದೆ, ಮಡ್ಡಿಗಳಲ್ಲಿ ತಿರುಗಾಡತೊಡಗಿದೆ. ಚಿಗರಿ, ಅಂದರೆ ಕೃಷ್ಣಮೃಗ, ದಟ್ಟ ಮರಗಳ ನಡುವೆ ಬದುಕುವ ಪ್ರಾಣಿಯಲ್ಲ. ಅದರ ಊಟ ಮುಖ್ಯವಾಗಿ ಹುಲ್ಲು. ಅದಕ್ಕೆ ಕಾವಲು ಅದರ ಕಣ್ಣು. ದೂರದಲ್ಲಿ ತೋಳ ಬಂದದ್ದು ಕಾಣಬೇಕು, ಕಂಡ ಕೂಡಲೇ ಬಯಲಿನಲ್ಲಿ ಓಡಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಕಾಲುಗಳನ್ನು ಅದು ಪಡೆದದ್ದು ಬಯಲಿಗಾಗಿ. ಅಲ್ಲಿ ಒತ್ತೊತ್ತಾಗಿ ಗಿಡ ಹಚ್ಚಿದರೆ ಚಿಗರಿಗೆ ಕಣ್ಣೂ ಹೋಯಿತು, ಕಾಲೂ ಹೋಯಿತು. ನೆರಳು ಬಿದ್ದಲ್ಲಿ ಹುಲ್ಲೂ ತೆಳ್ಳಗಾಗುತ್ತದೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಪಕ್ಕದ ಹೊಲಕ್ಕೆ. ಕಡಲೆ, ಜೋಳ ತಿನ್ನುತ್ತದೆ. ಆಗ ರೈತನಿಗೂ ಅದಕ್ಕೂ ಜಗಳ. ಜಗಳ ಹಚ್ಚಿದವರು ನಾವು, ಗಿಡ ನೆಟ್ಟವರು.

ತೋಳನ ವಿಷಯವೂ ಹೀಗೆಯೇ. ಕಾಡಿನ ಪ್ರಾಣಿ ಎಂದರೆ ನಮಗೆ ಹುಲಿ, ಆನೆ ನೆನಪಾಗುತ್ತವೆ. ದಖ್ಖನ್ನಿನ ತೋಳ ಬಯಲ ಪ್ರಾಣಿ. ಕುರಿಗಾರರ ಹಿಂದೆ ಮುಂದೆ ಎಷ್ಟೋ ತಲೆಮಾರಿನಿಂದ ಬದುಕಿದ ಜೀವ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಎಂಬ ಜಾತಿಯ ಹದ್ದುಗಳು ದಖ್ಖನ್ನಿನ ಬಯಲುಗಳಿಗೆ ಬರುತ್ತವೆ. ರಾತ್ರಿ ಮರದ ಮೇಲೆ ಕೂರುವುದಿಲ್ಲ, ಹುಲ್ಲಿನೊಳಗೆ ನೆಲದ ಮೇಲೇ ಮಲಗುತ್ತವೆ. ಹಗಲೆಲ್ಲ ಮಿಡತೆ ಹಿಡಿದು ತಿನ್ನುತ್ತವೆ. ಮಿಡತೆ ತಿನ್ನುವ ಹಕ್ಕಿ ರೈತನಿಗೆ ಎಷ್ಟು ಬೇಕಾದದ್ದು ಅಲ್ವಾ? ಟಿಟ್ಟಿಭ, ಕೌಜುಗ, ಬುರ್ಲಿ ಎಲ್ಲವೂ ನೆಲದ ಮೇಲೇ ಮೊಟ್ಟೆ ಇಡುತ್ತವೆ. ನಾವು ಗುಂಡಿ ತೋಡಿದ್ದು ಎಷ್ಟು ಗೂಡುಗಳ ಮೇಲೋ.

ಹುಲ್ಲಿನ ಬೇರಿನ ಬಗ್ಗೆ ಎರಡು ಮಾತು. ಮೇಲೆ ಮೊಣಕಾಲುದ್ದ ಇರುವ ಹುಲ್ಲಿಗೆ ಕೆಳಗೆ ಬೇರಿನ ದಟ್ಟ ಜಾಲ ಇರುತ್ತದೆ. ತೆಳು ಮಣ್ಣನ್ನು ಹಿಡಿದಿಡುವುದು ಅದೇ. ಮಳೆ ನೀರು ಮೆಲ್ಲಗೆ ಇಳಿಯಲು ದಾರಿ ಮಾಡುವುದೂ ಅದೇ. ಬೆಂಕಿ ಬಿದ್ದರೂ, ದನ ಮೇಯ್ದರೂ ಬೇರು ಸಾಯುವುದಿಲ್ಲ, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ನಮ್ಮ ಕಡತಗಳಲ್ಲಿ ಇಂಥ ನೆಲಕ್ಕೆ ಬೀಳು, ಪಾಳು ಎಂಬ ಹೆಸರು. ಇಂಗ್ಲಿಷರ ಕಾಲದಲ್ಲಿ ಕಂದಾಯ ಹುಟ್ಟದ ನೆಲ ಎಂದರೆ ವ್ಯರ್ಥ ನೆಲ ಅಂತಾಗಿತ್ತು. ಆ ಹೆಸರು ಹಾಗೇ ಉಳಿದುಬಿಟ್ಟಿತು. ಹೆಸರು ಹಾಗಿದ್ದರೆ ಅದಕ್ಕೆ ಏನಾದರೂ ಮಾಡಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಒಬ್ಬರು ಗಿಡ ಹಚ್ಚುತ್ತಾರೆ, ಒಬ್ಬರು ಸೋಲಾರ್ ಹಾಕುತ್ತಾರೆ, ಒಬ್ಬರು ಮುರುಮ್ ಮಣ್ಣು ತೆಗೆಯುತ್ತಾರೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗಾಗಿಯೇ 1974ರಲ್ಲಿ ಅಭಯಾರಣ್ಯ ಮಾಡಿದರು. ಅಲ್ಲಿ ಬಹಳಷ್ಟು ನೆಲದಲ್ಲಿ ನೀಲಗಿರಿ ನೆಟ್ಟಿದ್ದರು. ಬಯಲ ಪ್ರಾಣಿಯ ಹೆಸರಿನ ಅಭಯಾರಣ್ಯದಲ್ಲಿ ನೀಲಗಿರಿ ತೋಪು ನೋಡಿದಾಗ ನನ್ನ ಇನ್ನೂರು ಸಸಿ ನೆನಪಾದವು.

ನಾನು ಗಿಡ ನೆಡಬೇಡಿ ಎನ್ನುತ್ತಿಲ್ಲ. ಊರೊಳಗೆ ನೆಡಿ, ರಸ್ತೆ ಬದಿ ನೆಡಿ, ಹೊಲದ ಬದುವಿಗೆ ನೆಡಿ. ಬೇವು, ಹುಣಸೆ, ಆಲ, ಅರಳಿ ನೆಡಿ. ಹಳ್ಳದ ದಂಡೆಗೆ ಹೊಂಗೆ, ಮತ್ತಿ ಹಚ್ಚಿ. ಮಡ್ಡಿಯನ್ನು ಮಡ್ಡಿಯಾಗಿ ಬಿಡಿ. ಅಲ್ಲಿ ಕೆಲಸ ಮಾಡಲೇಬೇಕು ಅಂತಿದ್ದರೆ ಬಳ್ಳಾರಿ ಜಾಲಿ ಕಿತ್ತು ಹಾಕಿ. ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸಿ, ಓಡುವ ಚಿಗರಿ ರಾತ್ರಿ ಬಾವಿಗೆ ಬೀಳುತ್ತದೆ. ಊರಿನ ಕಸ ಅಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ಕಸ ಇದ್ದಲ್ಲಿ ಬೀದಿ ನಾಯಿಗಳು ಸೇರುತ್ತವೆ. ನಾಯಿ ಹಿಂಡು ಚಿಗರಿ ಮರಿಗಳನ್ನು ಬಿಡುವುದಿಲ್ಲ.

ಇಲ್ಲೇ ಗಾಯರಾಣದ ಮಾತು ಬರುತ್ತದೆ. ಮೈಸೂರು ಕಡೆಯವರು ಗೋಮಾಳ ಎನ್ನುವುದನ್ನು ನಾವು ಗಾಯರಾಣ ಎನ್ನುತ್ತೇವೆ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದಲ್ಲಿ ಪ್ರತಿ 100 ಜಾನುವಾರಿಗೆ 30 ಎಕರೆ ಲೆಕ್ಕದಲ್ಲಿ ಮೇವಿಗೆ ನೆಲ ಬಿಡಬೇಕು ಎಂದಿದೆ. ಇದನ್ನು ಬರೆದದ್ದು ದನಗಳಿಗಾಗಿ. ಆದರೆ ಅದರ ನೆರಳಲ್ಲಿ ಚಿಗರಿ, ತೋಳ, ಟಿಟ್ಟಿಭ ಎಲ್ಲವೂ ಬದುಕಿದವು. ಗಾಯರಾಣ ಕರಗಿದಂತೆ ಅವೂ ಕರಗಿದವು. ಶಾಲೆಗೆ ಬೇಕು, ಆಸ್ಪತ್ರೆಗೆ ಬೇಕು, ಮನೆ ಇಲ್ಲದವರಿಗೆ ನಿವೇಶನ ಬೇಕು. ಎಲ್ಲವೂ ನಿಜವಾದ ಬೇಡಿಕೆಗಳು. ನಾನು ಅವುಗಳ ವಿರುದ್ಧ ಮಾತಾಡಲಾರೆ. ಆದರೆ ಪ್ರತಿ ಸಲವೂ ಕೊಡುವ ಕೈ ಗಾಯರಾಣದ್ದೇ ಆಗಬೇಕೇ ಎಂದು ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಬೇಕು.

ಚಿಗರಿ ಇರುವ ಬಯಲನ್ನು ಕಾಯಲು ಅಭಯಾರಣ್ಯವೇ ಬೇಕೆಂದಿಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಮಾಡಿ 'ಸಂರಕ್ಷಣಾ ಮೀಸಲು' ಎಂಬ ಹೊಸ ಬಗೆಯನ್ನು ಸೇರಿಸಿದರು. ಸರ್ಕಾರಿ ನೆಲದಲ್ಲಿ, ಸ್ಥಳೀಯ ಜನರ ಜೊತೆ ಮಾತಾಡಿ ಇದನ್ನು ಘೋಷಿಸಬೇಕು. ಒಳಗಿನ ಜನರ ಹಕ್ಕುಗಳು ಹಾಗೇ ಉಳಿಯುತ್ತವೆ. ಸಲಹಾ ಸಮಿತಿಯಲ್ಲಿ ಅರಣ್ಯ ಇಲಾಖೆಯವರ ಜೊತೆ ಆಯಾ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು, ಸಂಘ ಸಂಸ್ಥೆಯವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಇರಬೇಕು. ಕುರಿಗಾರನೂ ಚಿಗರಿಯೂ ಒಂದೇ ಬಯಲಲ್ಲಿ ಇರಬಹುದು ಎಂದು ಒಪ್ಪುವ ವ್ಯವಸ್ಥೆ ಇದು. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳು ರಾಜ್ಯದಲ್ಲೇ ಕಾಡು ಕಡಿಮೆ ಇರುವ ಜಿಲ್ಲೆಗಳು. ಕಾಡು ಕಡಿಮೆ ಅಂತ ಕೊರಗುವುದಕ್ಕಿಂತ ನಮ್ಮಲ್ಲಿ ಇರುವ ಬಯಲನ್ನು ಮೊದಲು ಲೆಕ್ಕಕ್ಕೆ ಹಿಡಿಯೋಣ.

ಕಾಡು ಇರುವ ಒಂದು ಕಡೆ ಚಿಂಚೋಳಿ. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿ ಧಾಮ ಮಾಡಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂಬ ಹೆಸರು ಅದಕ್ಕಿದೆ. ಕೊಂಚಾವರಂ ಕಡೆ ಮಳೆಗಾಲದಲ್ಲಿ ಹೋಗಿ ನೋಡಿ. ಇದು ಕಲಬುರಗಿ ಜಿಲ್ಲೆಯೇ ಅಂತ ಕೇಳುತ್ತೀರಿ. ತೇಗ, ಶ್ರೀಗಂಧ, ಎಷ್ಟೋ ಔಷಧಿ ಗಿಡಗಳು. ತೋಳ, ಕತ್ತೆಕಿರುಬ, ನರಿಗಳಿವೆ. ಚಂದ್ರಂಪಳ್ಳಿ ಜಲಾಶಯ ಇದೆ, ಎತ್ತಿಪೋತ ಜಲಪಾತ ಇದೆ. ಆ ಕಾಡಿನ ಒಳಗೂ ಅಂಚಿಗೂ ತಾಂಡಾಗಳಿವೆ. ಲಂಬಾಣಿ ಜನ ಅಲ್ಲಿ ಬಹಳ ಕಾಲದಿಂದ ಬದುಕಿದ್ದಾರೆ.

ಎತ್ತಿಪೋತದಲ್ಲಿ ನೀರು ಚೆನ್ನಾಗಿ ಬೀಳುವುದು ಮಳೆಗಾಲದ ಕೆಲವೇ ವಾರ. ಜನ ಬರುವುದೂ ಆ ವಾರಗಳಲ್ಲೇ, ಅದರಲ್ಲೂ ಭಾನುವಾರ. ಅಷ್ಟು ಜನ ಒಂದೇ ದಿನ, ಒಂದೇ ಕಲ್ಲಿನ ಮೇಲೆ. ವರ್ಷಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅತಿ ಹೆಚ್ಚು ಜನ ಬಂದ ಒಂದು ದಿನವನ್ನು ಆ ಜಾಗ ತಡೆದುಕೊಳ್ಳುತ್ತದೆಯೇ ಎಂದು ನೋಡಬೇಕು. ಗಾಡಿಗಳನ್ನು ಒಂದು ಕಿಲೋಮೀಟರ್ ದೂರ ನಿಲ್ಲಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಆ ಒಂದು ಕಿಲೋಮೀಟರ್ ದಾರಿ ತೋರಿಸಲು ತಾಂಡಾದ ಹುಡುಗ ಹುಡುಗಿಯರಿಗೇ ಕೆಲಸ ಕೊಟ್ಟರೆ ಕಾಡು ಉಳಿದಷ್ಟೂ ಅವರಿಗೆ ಅನ್ನ. 2006ರ ಅರಣ್ಯ ಹಕ್ಕು ಕಾಯ್ದೆ ತಲೆಮಾರುಗಳಿಂದ ಕಾಡಿನಲ್ಲಿ ಬದುಕಿದವರ ಹಕ್ಕನ್ನು ಒಪ್ಪುತ್ತದೆ. ಅವರನ್ನು ಬಿಟ್ಟು ಮಾಡಿದ ಯೋಜನೆ ಕಾಡಿನಲ್ಲಿ ನಿಲ್ಲುವುದಿಲ್ಲ, ಇದು ನನ್ನ ನಂಬಿಕೆ.

ಈಗ ಕೆರೆಗೆ ಬರೋಣ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಕೆರೆ ಇದೆ. ಸುರಪುರದ ನಾಯಕ ಅರಸರ ಕಾಲದ ಕೆರೆ. ರಂಗನತಿಟ್ಟಿನ ನಂತರ ರಾಜ್ಯದ ಎರಡನೇ ದೊಡ್ಡ ಪಕ್ಷಿಧಾಮ ಎಂದು ಅದನ್ನು ಕರೆಯುವುದುಂಟು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡುವ ಹಕ್ಕಿಗಳು ಅವು. ಇಲ್ಲಿಗೆ ಬಂದು ಏನು ಮಾಡುತ್ತವೆ? ಕೆರೆಯ ನೀರು ಹಿಂದೆ ಸರಿದಲ್ಲಿ ಹುಟ್ಟುವ ಎಳೆ ಹುಲ್ಲು ಮೇಯುತ್ತವೆ.

ಅದಕ್ಕೇ ಹೇಳುವುದು, ಕೆರೆ ಎಂದರೆ ನೀರು ಮಾತ್ರ ಅಲ್ಲ. ನೀರಿಗೂ ನೆಲಕ್ಕೂ ನಡುವಿನ ಆ ಕೆಸರಿನ ಪಟ್ಟಿ ಇದೆಯಲ್ಲ, ಅದೇ ಹಕ್ಕಿಗಳ ಅಡುಗೆಮನೆ. ಉದ್ದ ಕಾಲಿನ ಹಕ್ಕಿಗಳು ಮೊಣಕಾಲು ನೀರಲ್ಲಿ ನಿಂತು ಮೀನು ಹುಡುಕುತ್ತವೆ, ಚಿಕ್ಕವು ಕೆಸರಲ್ಲಿ ಹುಳ ಕುಕ್ಕುತ್ತವೆ. ನಾವು ಕೆರೆ ಅಭಿವೃದ್ಧಿ ಅಂತ ಶುರು ಮಾಡಿದರೆ ಮೊದಲು ಮಾಡುವುದು ಸುತ್ತ ಕಡಿದಾಗಿ ಕಲ್ಲು ಹೊದಿಸುವುದು. ಕೆರೆ ಒಂದು ದೊಡ್ಡ ತೊಟ್ಟಿಯಾಗುತ್ತದೆ. ನೋಡಲು ಚೆಂದ, ಒಂದೂ ಕೊಕ್ಕರೆ ಇಳಿಯುವ ಜಾಗ ಇಲ್ಲ.

ಕಲಬುರಗಿಯವರಿಗೆ ಅಪ್ಪನ ಕೆರೆ ಎಂದರೆ ಪ್ರೀತಿ. ಶರಣಬಸವೇಶ್ವರರ ಗುಡಿಗೆ ಹೋದವರು ಅಲ್ಲಿಗೆ ಹೋಗದೆ ಬರುವುದಿಲ್ಲ. ಬೆಳಗ್ಗೆ ವಾಕಿಂಗ್, ಸಂಜೆ ಮಕ್ಕಳು, ಮಿರ್ಚಿ ಭಜಿ. ಊರ ನಡುವಿನ ಕೆರೆಯಲ್ಲಿ ಇದೆಲ್ಲ ಇರಬೇಕು. 40 ಡಿಗ್ರಿ ದಾಟುವ ಊರಿನಲ್ಲಿ ಸಂಜೆ ತಂಗಾಳಿಗೆ ಕೂರುವ ಜಾಗ ಸಿಗುವುದು ಬಡವರಿಗೆ ದೊಡ್ಡ ಸಂಪತ್ತು. ಊರ ಕೆರೆಯನ್ನು ಬೋನಾಳ ಮಾಡಲು ಹೋಗಬಾರದು. ಬೋನಾಳವನ್ನು ಊರ ಕೆರೆ ಮಾಡಲೂ ಹೋಗಬಾರದು. ಊರ ಕೆರೆಯಲ್ಲಿ ಮೂರು ದಿಕ್ಕು ಜನರಿಗೆ ಬಿಟ್ಟು ಒಂದು ದಿಕ್ಕು ಮಾತ್ರ ದೀಪ ಇಲ್ಲದೆ, ಕಲ್ಲು ಹೊದಿಸದೆ, ಆಪು ಹುಲ್ಲು ಬೆಳೆಯಲು ಬಿಟ್ಟರೆ ಸಾಕು. ಹಕ್ಕಿಗಳು ಉಳಿದ ಮೂರು ದಿಕ್ಕಿನ ಗದ್ದಲವನ್ನು ತಡೆದುಕೊಳ್ಳುತ್ತವೆ. ಒಳಗೆ ಬರುವ ಗಟಾರದ ನೀರನ್ನು ಮಾತ್ರ ಯಾರೂ ತಡೆದುಕೊಳ್ಳಲಾರರು, ಹಕ್ಕಿಯೂ, ಮನುಷ್ಯನೂ. ಬೆಂಚಿಗೆ ಬಣ್ಣ ಹೊಡೆಯುವ ಮೊದಲು ಅದನ್ನು ನಿಲ್ಲಿಸಬೇಕು.

ದೂರದಿಂದ ನೋಡಿದರೆ ಮಲಗಿದ ಬುದ್ಧನ ಹಾಗೆ ಕಾಣುವ ಶಹಾಪುರದ ಬೆಟ್ಟದ ಬಗ್ಗೆಯೂ ಹೇಳಬೇಕೆಂದಿದ್ದೆ. ಸಮಯ ಇಲ್ಲ. ಒಂದೇ ಮಾತು: ದೂರದಿಂದ ನೋಡುವ ಗೆರೆಯೇ ಅಲ್ಲಿನ ಆಸ್ತಿ. ಆ ಗೆರೆಯಲ್ಲಿ ಒಂದು ಬಂಡೆ ಒಡೆದರೂ, ಒಂದು ಗೋಪುರ ಎದ್ದರೂ ಅದನ್ನು ಮತ್ತೆ ತರಲು ಆಗುವುದಿಲ್ಲ.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ನೀವು ಎಲ್ಲದಕ್ಕೂ ಬೇಡ ಅಂದರೆ ಜನ ಎಲ್ಲಿಗೆ ಹೋಗಬೇಕು? ನಮ್ಮ ಜಿಲ್ಲೆಗೆ ಪ್ರವಾಸಿಗರು ಬರೋದು ಬೇಡವೇ?'

ಬರಲಿ ಅಮ್ಮ. ನಾನು ಬಹಳ ಇಷ್ಟಪಡುತ್ತೇನೆ. ನೋಡದ ಜಾಗವನ್ನು ಯಾರೂ ಪ್ರೀತಿಸುವುದಿಲ್ಲ. ಚಿಗರಿ ನೋಡಲು ಬಂದವರು ದಾರಿ ಮೇಲೇ ಗಾಡಿ ನಿಲ್ಲಿಸಿ, ಒಳಗೆ ಕೂತೇ ನೋಡಲಿ. ಗಾಡಿ ಹಿಂದೆ ಹಾಕಿ ಓಡಿಸಿ ವಿಡಿಯೊ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಬ್ಬದ ಚಿಗರಿ ಹಾಗೆ ಓಡಿದರೆ ಏನಾಗುತ್ತದೆ ಯೋಚಿಸು. ಅದು ಕಾನೂನಿನಲ್ಲಿ ಹುಲಿಯ ಸಾಲಿನಲ್ಲೇ ಇರುವ ಪ್ರಾಣಿ, ಒಂದನೇ ಪರಿಶಿಷ್ಟದಲ್ಲಿ. ಮಾರ್ಚ್‌ನಿಂದ ಜೂನ್‌ವರೆಗೆ ಟಿಟ್ಟಿಭ ಮೊಟ್ಟೆ ಇಡುವ ಕಾಲ, ಆಗ ಬಯಲಲ್ಲಿ ಕಾಲುದಾರಿ ಬಿಟ್ಟು ಇಳಿಯಬಾರದು. ಇಷ್ಟು ಪಾಲಿಸಿದರೆ ಎಷ್ಟು ಜನ ಬಂದರೂ ಸಂತೋಷ.

ಮತ್ತೊಬ್ಬ ಕೇಳಿದ: 'ನೀವು ನೆಟ್ಟ ಇನ್ನೂರು ಗಿಡ ಏನಾದವು?'

ಬಹಳಷ್ಟು ಒಣಗಿದವು. ಕೆಲವು ಇನ್ನೂ ಇವೆ. ಕಂದಕವನ್ನು ಮುಂದಿನ ಬ್ಯಾಚಿನ ಹುಡುಗರು ಮತ್ತು ನಾನು ಎರಡು ಕಡೆ ಮುಚ್ಚಿ ಕುರಿ ಹೋಗುವ ದಾರಿ ಮಾಡಿಕೊಟ್ಟೆವು. ಆ ಕಾಕಾ ಆಮೇಲೆ ಒಂದೆರಡು ವರ್ಷ ಬಂದ. ಚಿಗರಿ ಬಂದದ್ದನ್ನು ನಾನು ಕಾಣಲಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂತು: 'ನಮ್ಮ ಊರಾಗ ಗಾಯರಾಣ ಎಷ್ಟು ಐತಿ ಅಂತ ಹೆಂಗ ಗೊತ್ತಾಗ್ತದ ಸರ್?'

ಇದೇ ನನಗೆ ಬೇಕಾಗಿದ್ದ ಪ್ರಶ್ನೆ. ಮೊದಲು ಊರಿನ ಹಿರಿಯರನ್ನು ಕೇಳು. ದನ ಎಲ್ಲಿ ಬಿಡುತ್ತಿದ್ದರು ಎಂದು ಅವರು ಕೈ ತೋರಿಸುತ್ತಾರೆ. ಅಲ್ಲಿ ನಿಂತು ಮೊಬೈಲಿನಲ್ಲಿ 'ದಿಶಾಂಕ್' ಆ್ಯಪ್ ತೆರೆ. ನೀನು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆ ನಂಬರ್ ಹಾಕಿ ಸರ್ಕಾರದ ಭೂದಾಖಲೆ ಜಾಲತಾಣ 'ಭೂಮಿ'ಯಲ್ಲಿ ಪಹಣಿ ತೆಗೆ. 9ನೇ ಕಾಲಂ ನೋಡು, ಯಾರ ಹೆಸರಿದೆ ಎಂದು. ಸರ್ಕಾರಿ ಗಾಯರಾಣ ಎಂದಿದ್ದರೆ ಎಷ್ಟು ಎಕರೆ, ಎಷ್ಟು ಗುಂಟೆ ಬರೆದುಕೊ. ಆಮೇಲೆ ಊರಲ್ಲಿ ಎಷ್ಟು ದನ ಇವೆ ಅಂತ ಪಶು ಆಸ್ಪತ್ರೆಯಲ್ಲಿ ಕೇಳು. ನೂರಕ್ಕೆ ಮೂವತ್ತು ಎಕರೆ, ಲೆಕ್ಕ ನೀನೇ ಮಾಡು. ಎರಡನ್ನೂ ಪಕ್ಕ ಪಕ್ಕ ಬರೆದು ತಾ. ನಾನು ಬೆಳಗ್ಗೆ ಪಾಪನಾಶದ ಕಡೆ ವಾಕಿಂಗಿಗೆ ಬರುತ್ತೇನೆ, ಅಲ್ಲೇ ಕೂತು ನೋಡೋಣ.